ಅತ್ತೆಯ ನಾಲಿಗೆ, ಗಾರೆಯ ಗಡಿಗೆ

ನನ್ನ ಅತ್ತೆಯ ನಾಲಿಗೆಗೆ ಎರಡು ಕೆಲಸ. ಒಂದು, ನನ್ನನ್ನು ಬೈಯುವುದು. ಇನ್ನೊಂದು, ಗಾರೆಗೆ ಬೆರೆಸುವ ನೀರಿನ ರುಚಿ ನೋಡುವುದು. ಹೋದ ವರ್ಷದ ಒಂದು ಕೆಟ್ಟ ನೆಗಡಿ ಎರಡನೆಯದನ್ನು ಹೊತ್ತುಕೊಂಡು ಹೋಯಿತು. ಮೊದಲನೆಯದನ್ನು ಮುಟ್ಟುವ ಧೈರ್ಯ ಯಾವ ನೆಗಡಿಗೂ ಇಲ್ಲ.

ಅತ್ತೆಯದು ಹಳೆಯ ಕಟ್ಟಡಗಳಿಗೆ ಸುಣ್ಣದ ಗಾರೆ ಹದ ಮಾಡುವ ಕೆಲಸ. ಗುಂಡಿಯಲ್ಲಿ ಅರಳಿ ಬೆಣ್ಣೆಯಂತಾದ ಸುಣ್ಣ, ಮರಳು, ಇಟ್ಟಿಗೆ ಪುಡಿ ಇವನ್ನೆಲ್ಲ ಯಾರು ಬೇಕಾದರೂ ಅಳೆದು ಹಾಕಬಹುದು. ಗುಟ್ಟಿರುವುದು ಗಡಿಗೆಯ ನೀರಿನಲ್ಲಿ. ಬೆಲ್ಲವನ್ನೂ ಜಜ್ಜಿದ ಅಳಲೆಕಾಯಿಯನ್ನೂ ನೀರಿಗೆ ಹಾಕಿ, ಬಾಯಿ ಕಟ್ಟಿ, ಹುಳಿಯಲು ಬಿಡುತ್ತಾರೆ. ಹದ ಬರುವ ಮೊದಲೇ ಆ ನೀರು ಬೆರೆಸಿದರೆ ಗೋಡೆ ಬಿರುಕು ಬಿಡುತ್ತದೆ, ಹದ ಮೀರಿದರೆ ಗಾರೆ ಉದುರುತ್ತದೆ. ಹದ ಬಂತೇ ಎಂದು ಹೇಳುತ್ತಿದ್ದದ್ದು ಅತ್ತೆಯ ನಾಲಿಗೆ. ಬೆರಳು ಅದ್ದಿ, ಬಾಯಿಗಿಟ್ಟು, ಕಣ್ಣು ಮುಚ್ಚಿ ಅವರು 'ಹೂಂ' ಅನ್ನುವವರೆಗೆ ಮೇಸ್ತ್ರಿಯೂ ಕರಣೆ ಎತ್ತುತ್ತಿರಲಿಲ್ಲ. ಕೊನೆಯ ನುಣುಪಿಗೆ ಮೊಟ್ಟೆಯ ಬಿಳಿ ಬೇಕು. ಬಿಳಿಯೆಲ್ಲ ಗೋಡೆಗೆ, ಹಳದಿಯೆಲ್ಲ ನಮ್ಮ ಮನೆಗೆ. ಮದುವೆಯಾಗಿ ಬಂದಾಗಿನಿಂದ ಪೂರ್ತಿ ಮೊಟ್ಟೆಯೊಂದನ್ನು ನಾನು ತಟ್ಟೆಯಲ್ಲಿ ಕಂಡಿಲ್ಲ.

ರುಚಿ ಹೋದದ್ದು ನನಗೆ ತಿಳಿದದ್ದು ಚಹಾದಿಂದ. ಒಂದು ಬೆಳಿಗ್ಗೆ ಅವಸರದಲ್ಲಿ ಸಕ್ಕರೆಯ ಬದಲು ಉಪ್ಪು ಹಾಕಿಬಿಟ್ಟೆ. ನನ್ನ ಗಂಡ ಮೊದಲ ಗುಟುಕನ್ನೇ ಬಚ್ಚಲಿಗೆ ಉಗಿದು ಬಂದ. ಅತ್ತೆ ಮಾತ್ರ ಲೋಟ ಖಾಲಿ ಮಾಡಿ, ಸೆರಗಿನಿಂದ ಬಾಯಿ ಒರೆಸಿಕೊಂಡು, "ಇವತ್ತು ಚಹಾ ಪರವಾಗಿಲ್ಲ" ಅಂದರು. ನಾನು ಮಾಡಿದ್ದನ್ನು ಅತ್ತೆ ಅದುವರೆಗೆ ಒಮ್ಮೆಯೂ ಹೊಗಳಿದವರಲ್ಲ. ಏನೋ ಎಡವಟ್ಟಾಗಿದೆ ಎಂದು ನನಗೆ ಆ ಹೊಗಳಿಕೆಯಿಂದಲೇ ಖಾತ್ರಿಯಾಯಿತು.

ಅತ್ತೆ ಇದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಅದಕ್ಕೆ ಕಾರಣವಿತ್ತು. ಅವರಿಗಿಂತ ಮೊದಲು ಗಾರೆ ಹದ ಮಾಡುತ್ತಿದ್ದ ಮುದುಕನಿಗೆ ಕಣ್ಣು ಮಂಜಾದಾಗ, ಮೇಸ್ತ್ರಿ ಅವನ ಭುಜದ ಮೇಲೆ ಶಾಲು ಹೊದಿಸಿ, "ಇನ್ನು ಆರಾಮಾಗಿರಿ" ಎಂದು ಕಳಿಸಿಬಿಟ್ಟಿದ್ದರು. ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ. ಕೆಲಸದ ಜಾಗವನ್ನು ದೂರದಿಂದ ನೋಡುತ್ತಾ ರಸ್ತೆಯಾಚೆ ನಿಂತಿರುತ್ತಿದ್ದ. ಅತ್ತೆಗೆ ಹೆದರಿಕೆ ಇದ್ದದ್ದು ಆ ಶಾಲಿನದು.

ಹೆದರಿಕೆ ನನಗೂ ಇತ್ತು, ಸುಳ್ಳೇಕೆ ಹೇಳಲಿ. ಅತ್ತೆ ಆರಾಮಾಗಿರುವುದೆಂದರೆ ಎಲ್ಲಿ? ನನ್ನ ಅಡುಗೆಮನೆಯಲ್ಲಿ. ಬೆಳಗಿನಿಂದ ಸಂಜೆಯವರೆಗೆ ನನ್ನ ಬೆನ್ನ ಹಿಂದೆ ಮಣೆ ಹಾಕಿಕೊಂಡು ಕೂತು, ಈರುಳ್ಳಿ ಹೆಚ್ಚುವುದರಲ್ಲಿ ಎಷ್ಟು ತಪ್ಪು ಮಾಡಬಹುದೆಂದು ನನಗೆ ತಿಳಿಸಿಕೊಡುತ್ತಾರೆ. ಅವರ ಕೆಲಸ ಉಳಿಯಬೇಕೆಂದು ಅವರಿಗಿಂತ ಹೆಚ್ಚು ಆಸೆಪಟ್ಟವಳು ನಾನು. ಹಾಗಾಗಿ, "ಅತ್ತೆ, ನಿಮಗೊಬ್ಬಳು ಕೈಯಾಳು ಬೇಕು" ಎಂದು ಹೇಳಿ ಅವರ ಜೊತೆ ನಾನೇ ಹೊರಟೆ.

ಆಗ ಹಳೆಯ ಗ್ರಂಥಾಲಯವೊಂದರ ಓದುವ ಕೋಣೆಯ ಕೆಲಸ ನಡೆದಿತ್ತು. ಹಿಂದಿನವರು ಯಾರೋ ಬಳಿದ ಸಿಮೆಂಟನ್ನು ಕೆರೆದು ತೆಗೆದು, ಗೋಡೆಗೆ ಮತ್ತೆ ಸುಣ್ಣದ ಗಾರೆ ಹಾಕಬೇಕಿತ್ತು. ಹಿಂದಿನ ಓಣಿಯಲ್ಲಿ ಗೋಡೆಗೆ ಒರಗಿಸಿ ಗಡಿಗೆಗಳನ್ನು ಸಾಲಾಗಿ ಇಟ್ಟಿದ್ದರು. ಮೊದಲ ದಿನವೇ ಅತ್ತೆ ತಮ್ಮ ಬುದ್ಧಿವಂತಿಕೆ ತೋರಿಸಿದರು. ಬೆರಳು ಅದ್ದಿ ನೆಕ್ಕಿ, ಗಂಭೀರವಾಗಿ ತಲೆಯಾಡಿಸಿ, ನನ್ನ ಕಡೆ ತಿರುಗಿದರು.

"ನೀನು ನೋಡೇ. ನಿನಗೇನಾದ್ರೂ ಗೊತ್ತಾಗತ್ತಾ ಅಂತ ನೋಡೋಣ."

ನಾನು ನೆಕ್ಕಿ, "ಇನ್ನೂ ಹಸಿ ಇದೆ ಅತ್ತೆ" ಅಂದೆ.

"ಪರವಾಗಿಲ್ಲ, ಅಷ್ಟಾದ್ರೂ ತಿಳೀತಲ್ಲ" ಎಂದು ಅವರು ಮೇಸ್ತ್ರಿಯ ಕಡೆ ತಿರುಗಿ, "ಇನ್ನೂ ಹಸಿ" ಎಂದು ತೀರ್ಪು ಕೊಟ್ಟರು.

ರುಚಿ ನನ್ನದು, ತೀರ್ಪು ಅವರದು. ಹೀಗೆ ದಿನವೂ ನನಗೆ ಪರೀಕ್ಷೆ ನಡೆಯಿತು. ನನಗೇನೂ ಕಷ್ಟವಿರಲಿಲ್ಲ, ಮೊದಮೊದಲು ಮಜವೇ ಅನಿಸಿತು. ಆದರೆ ಒಂದು ದಿನ ಅವರು ಕೆಲಸದವರೆಲ್ಲರ ಮುಂದೆ, "ನಮ್ಮ ಸೊಸೆಗೆ ಬಟ್ಟೆ ಹಿಂಡೋಕೂ ಬರಲ್ಲ, ಇನ್ನು ಗಾರೆ ಕಲಿತಾಳಾ" ಅಂದುಬಿಟ್ಟರು. ನನಗೆ ಮೈ ಉರಿದುಹೋಯಿತು. ಮೂಲೆಯ ಗಡಿಗೆಗೆ ಬೆರಳು ಅದ್ದಿ ನೆಕ್ಕಿ, ಮುಖ ಸಪ್ಪೆ ಮಾಡಿಕೊಂಡು ನಿಂತೆ.

"ಏನೂ ಗೊತ್ತಾಗ್ತಿಲ್ಲ ಅತ್ತೆ. ಬಟ್ಟೆ ಹಿಂಡೋಕೆ ಬರದ ಕೈ ನೋಡಿ. ನೀವೇ ಹೇಳಿಬಿಡಿ."

ಅತ್ತೆ ಇನ್ನೊಮ್ಮೆ ನೆಕ್ಕಿದರು. ಮತ್ತೊಮ್ಮೆ ನೆಕ್ಕಿದರು. ಹಣೆಯಲ್ಲಿ ಬೆವರು ಮೂಡಿತು. ಮೇಸ್ತ್ರಿ ಕಾಯುತ್ತಾ ನಿಂತಿದ್ದರು. ಕೊನೆಗೆ, "ನಾಳೆ ನೋಡೋಣ, ಇವತ್ತು ಮೋಡ" ಎಂದು ಸೆರಗು ಸಿಕ್ಕಿಸಿಕೊಂಡು ಹೊರಟುಹೋದರು. ಆಕಾಶದಲ್ಲಿ ಹುಡುಕಿದರೂ ಒಂದು ತುಣುಕು ಮೋಡವಿರಲಿಲ್ಲ. ನಾನು ಸುಣ್ಣದ ಗುಂಡಿಯ ಹಿಂದೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆ ಸಂಜೆಯಿಂದ ಅತ್ತೆ ನನ್ನೊಡನೆ ಮಾತು ಬಿಟ್ಟರು. ಮರುದಿನ ಓಣಿಗೆ ನನಗಿಂತ ಮೊದಲೇ ಹೋಗಿ, ನನ್ನನ್ನು ಕೇಳದೆ, ಎದುರಿಗಿದ್ದ ಗಡಿಗೆಗೆ ಬೆರಳು ಅದ್ದಿದರು. ನಾನು ಅಲ್ಲಿಗೆ ಬರುವಷ್ಟರಲ್ಲಿ ಅವರು ಕಣ್ಣು ಮುಚ್ಚಿ ಆಗಿತ್ತು.

"ಹೂಂ. ಹದ ಬಂದಿದೆ."

"ಅಮ್ಮ ಹೇಳಿದ್ಮೇಲೆ ಮುಗೀತು" ಅಂದರು ಮೇಸ್ತ್ರಿ. "ಗಾರೆಗೆ ಸುರೀರಿ."

ಇಬ್ಬರು ಗಡಿಗೆ ಎತ್ತಿದರು. ಆಗ ಇಟ್ಟಿಗೆ ಪುಡಿ ಜರಡಿ ಹಿಡಿಯುವ ಹೆಂಗಸು ಓಡಿಬಂದಳು. ಅವಳ ದನಿಗೆ ಎಲ್ಲರೂ ಅವಳನ್ನು ಗುಡುಗು ಅನ್ನುತ್ತಾರೆ. "ತಡೀರಿ, ತಡೀರಿ. ಅದು ಬೆಲ್ಲದ ನೀರಲ್ಲ. ನಾನು ಕೈಕಾಲು ತೊಳ್ಕೊಂಡ ನೀರು" ಎಂದು ಅವಳು ಕೂಗಿದ್ದು ಬೀದಿಗೂ ಕೇಳಿಸಿರಬೇಕು.

ಗಡಿಗೆ ಎತ್ತಿದವರು ಹಾಗೇ ನಿಂತರು. ಇಟ್ಟಿಗೆ ಪುಡಿಯಿಂದ ಬೆಲ್ಲದ ನೀರಿನಂತೆಯೇ ಕೆಂಪಾಗಿದ್ದ ಆ ನೀರನ್ನೂ ಅತ್ತೆಯ ಮುಖವನ್ನೂ ಮೇಸ್ತ್ರಿ ಒಂದೊಂದಾಗಿ ನೋಡಿದರು. ಅವರ ಮುಖದಲ್ಲಿ ಅನುಮಾನಕ್ಕಿಂತ ಮರುಕ ಹೆಚ್ಚಿತ್ತು. ಶಾಲು ಹೊದಿಸುವ ಮುಖ ಅದು. ಅತ್ತೆಯ ಬೆರಳು ಇನ್ನೂ ತುಟಿಯ ಹತ್ತಿರವೇ ಇತ್ತು. ಅವರು ನನ್ನ ಕಡೆ ನೋಡಲಿಲ್ಲ. ನೋಡಿ ಬೇಡಿಕೊಂಡಿದ್ದರೆ ನಾನು ಇನ್ನಷ್ಟು ಆಟ ಆಡಿಸುತ್ತಿದ್ದೆನೋ ಏನೋ. ಹಾಗೆ ಒಂಟಿಯಾಗಿ ನಿಂತದ್ದನ್ನು ನೋಡಲಾಗಲಿಲ್ಲ.

ಮುಂದೆ ಹೋಗಿ ಆ ನೀರಿಗೆ ಬೆರಳು ಅದ್ದಿ, ನಾಲಿಗೆಗೆ ಹಚ್ಚಿಕೊಂಡು, ಥೂ ಎಂದು ಉಗಿದೆ.

"ನನ್ನ ಪರೀಕ್ಷೆ ಮಾಡೋದಾದ್ರೆ ಮಾಡಿ ಅತ್ತೆ, ಅದಕ್ಕೆ ಕಾಲು ತೊಳೆದ ನೀರು ನೆಕ್ಕಿಸೋದಾ? ನೀವು ಹೂಂ ಅಂದಿದ್ದಕ್ಕೆ ನಾನೂ ಹೂಂ ಅಂತೀನಿ ಅನ್ಕೊಂಡ್ರಾ? ಹದ ಬಂದಿರೋದು ಆ ಮೂಲೆ ಗಡಿಗೆ. ನಿನ್ನೆನೇ ಬಂದಿದೆ."

ಅತ್ತೆ ಒಂದು ಕ್ಷಣ ನನ್ನನ್ನೇ ದಿಟ್ಟಿಸಿದರು. ಮರುಕ್ಷಣ ಸೊಂಟಕ್ಕೆ ಕೈ ಕೊಟ್ಟು ಮೇಸ್ತ್ರಿಯ ಮೇಲೆ ಬಿದ್ದರು.

"ನೋಡಿದ್ರಾ? ನಾನು ಹೇಳಿದೆ ಅಂತ ನೀವೆಲ್ಲ ಸುರಿಯೋಕೆ ಹೊರಟಿದ್ರಿ. ಬಾಯಿಗೆ ಹಾಕಿ ನೋಡಿದ್ದು ಇವಳೊಬ್ಬಳು. ನಾಳೆಯಿಂದ ಗಡಿಗೆ ಇವಳೇ ನೋಡ್ತಾಳೆ. ಇವಳನ್ನ ನಾನು ನೋಡ್ಕೋತೀನಿ."

ಮೇಸ್ತ್ರಿ ತಲೆ ಕೆರೆದುಕೊಂಡು ಮೂಲೆಯ ಗಡಿಗೆ ಎತ್ತಿಸಿದರು. ಎಷ್ಟು ನಂಬಿದರೋ ಗೊತ್ತಿಲ್ಲ, ಶಾಲಿನ ಮಾತಂತೂ ಎತ್ತಲಿಲ್ಲ. ಅತ್ತೆಯನ್ನು ಅಡುಗೆಮನೆಯಿಂದ ದೂರವಿಡಲು ಹೋಗಿ, ದಿನವಿಡೀ ನನ್ನ ಪಕ್ಕಕ್ಕೇ ಅಂಟಿಸಿಕೊಂಡಿದ್ದೆ.

ಸಂಜೆ ಇಬ್ಬರೂ ಮನೆಗೆ ಹೊರಟೆವು. ಓಣಿ ತಿರುಗಿದ ಮೇಲೆ ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು.

"ಏನೂ ಗೊತ್ತಾಗಲ್ಲ ಕಣೇ. ಬಾಯಲ್ಲಿ ಏನಿಟ್ರೂ ಗೋಡೆ ನೆಕ್ಕಿದ ಹಾಗಿರತ್ತೆ."

"ಗೊತ್ತು ಅತ್ತೆ."

"ಇವತ್ತಿನ ಆ ಮೂಲೆ ಗಡಿಗೆ ಹೇಗಿತ್ತು?"

ನಾನು ನಡೆಯುವುದನ್ನು ನಿಲ್ಲಿಸಿ, ನೆನಪು ಮಾಡಿಕೊಂಡು ಹೇಳಿದೆ. ಮೊದಲು ಒಗರು, ನಾಲಿಗೆಯ ಎರಡೂ ಅಂಚನ್ನು ಎಳೆದು ಹಿಡಿಯುವಷ್ಟು. ಆಮೇಲೆ ಸಣ್ಣ ಹುಳಿ. ಅದನ್ನೂ ನುಂಗಿದ ಮೇಲೆ, ಗಂಟಲಿನ ಹತ್ತಿರ, ಇದೆಯೋ ಇಲ್ಲವೋ ಅನ್ನುವಷ್ಟು ಬೆಲ್ಲ.

ಅತ್ತೆ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಮುಚ್ಚಿದ ಬಾಯೊಳಗೆ ನಾಲಿಗೆ ಮೆಲ್ಲಗೆ ಆಡಿತು.

"ಇನ್ನೊಂದ್ಸಲ ಹೇಳು" ಅಂದರು.