ತಲೆ ಈ ಲೋಕಲ್‌ಗೆ, ಕಾಲು ಮುಂದಿನ ಲೋಕಲ್‌ಗೆ

ನನ್ನ ಮೈದುನ ಸುಹಾಸ ಮನೆಗೆ ಬರುವಾಗ ಬಾಗಿಲಲ್ಲಿ ಮೊದಲು ಕಾಣುವುದು ಅವನ ಹಣೆ. ಆಮೇಲೆ ಮೂಗು, ಆಮೇಲೆ ಮೊಬೈಲು ಹಿಡಿದ ಕೈ. ಎಲ್ಲ ಮುಗಿದ ಮೇಲೆ, ಚಪ್ಪಲಿಯನ್ನು ನೆಲಕ್ಕೆ ಸವರುತ್ತ, ಕಾಲುಗಳು ಬರುತ್ತವೆ. ಇಪ್ಪತ್ತಮೂರು ವರ್ಷದ ಹುಡುಗ, ನೋಡಲು ಚೆಂದ, ಎತ್ತರ ಉಂಟು. ಆದರೆ ಆ ಎತ್ತರದಲ್ಲಿ ಒಂದು ಗೇಣನ್ನು ಕುತ್ತಿಗೆ ಮುಂದಕ್ಕೆ ಚಾಚಿಯೇ ಖರ್ಚು ಮಾಡಿಬಿಟ್ಟಿದ್ದಾನೆ.

"ಇವನ ತಲೆ ಈ ಲೋಕಲ್ ಟ್ರೇನಿಗೆ ಬರ್ತದೆ, ಕಾಲು ಮುಂದಿನ ಲೋಕಲ್‌ಗೆ," ಎಂದು ಮಾವ ಹೇಳುವುದುಂಟು.

ನನ್ನ ಮಾವ ಸದಾನಂದ ಅವರದು ಭಾಂಡುಪ್ ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ಉಡುಪಿ ಹೋಟೆಲು. ಅಲ್ಲಿ ಮಾವನದೇ ಒಂದು ಕಾನೂನು: ಟೇಬಲ್ಲಿಗೆ ಕಾಫಿ ತಿಂಡಿ ಕೊಟ್ಟು ಅಭ್ಯಾಸವಿಲ್ಲದವನು ಗಲ್ಲಾದಲ್ಲಿ, ಅಂದರೆ ದುಡ್ಡು ತೆಗೆದುಕೊಳ್ಳುವ ಕೌಂಟರಿನಲ್ಲಿ, ಕೂರುವಂತಿಲ್ಲ. ಮಗನಾದರೂ ಅಷ್ಟೆ. ನನ್ನ ಗಂಡ ಸಂದೀಪ ಒಂದು ವಾರ ತಟ್ಟೆ ಹೊತ್ತು, ಎಂಟನೇ ದಿನ ಬ್ಯಾಂಕಿನ ಪರೀಕ್ಷೆಗೆ ಓದಲು ಕುಳಿತರು. ಇವತ್ತಿಗೂ ಆ ಬ್ಯಾಂಕಿನಲ್ಲೇ ಇದ್ದಾರೆ, ಸುಖವಾಗಿದ್ದಾರೆ.

ಈ ವರ್ಷ ಮಾವನ ಮಂಡಿ ಕೈಕೊಟ್ಟಿತು. ದೀಪಾವಳಿ ಆದ ಮೇಲೆ ಹೋಟೆಲನ್ನು ಕಂಡಕ್ಟಿಂಗಿಗೆ ಕೊಡುತ್ತೇನೆ, ಬೇರೆಯವರು ನಡೆಸಲಿ, ನಮಗೆ ತಿಂಗಳಿಗೆ ಇಷ್ಟು ಅಂತ ಕೊಡಲಿ ಎಂದರು. ಆಗ ಮೊಬೈಲಿನ ಹಿಂದಿನಿಂದ ಒಂದು ಧ್ವನಿ ಬಂತು.

"ಪಪ್ಪಾ, ಕೊಡ್ಬೇಡಿ. ನಾನು ನಡೆಸ್ತೇನೆ."

ಮಾವ ಮಗನನ್ನು ಹಣೆಯಿಂದ ಚಪ್ಪಲಿಯವರೆಗೆ ನೋಡಿದರು. ಅದಕ್ಕೆ ಸ್ವಲ್ಪ ಹೊತ್ತೇ ಹಿಡಿಯಿತು.

"ಮೊದಲು ನೆಟ್ಟಗೆ ನಡಿ ಮಾರಾಯ. ದೀಪಾವಳಿವರೆಗೆ ಟೇಬಲ್ ಮಾಡು. ಕಾಫಿ ಲೋಟದಲ್ಲೇ ಉಳಿದ್ರೆ ನೋಡುವ."

ಕಾಫಿ ಲೋಟದಲ್ಲಿ ಉಳಿಯಲಿಲ್ಲ. ಮೊದಲ ವಾರವೇ ಒಬ್ಬ ಹಿರಿಯ ಗಿರಾಕಿಯ ಬಿಳಿ ಅಂಗಿಯ ಮೇಲೆ ಹೋಯಿತು. ಅವರು ಒಳ್ಳೆಯವರು. "ಅರೇ ಬಾಳಾ, ಮೀ ಕಾಫಿ ಪ್ಯಾಯಲಾ ಆಲೋಯ್, ಆಂಘೋಳೀಲಾ ನಾಹೀ," ಎಂದರಂತೆ. ಕುಡಿಯಲು ಬಂದವನು ನಾನು, ಸ್ನಾನಕ್ಕಲ್ಲ ಎಂದು. ಹೋಟೆಲೆಲ್ಲ ನಕ್ಕಿತು. ಗಲ್ಲಾ ಮಾತ್ರ ನಗಲಿಲ್ಲ.

ಆ ಭಾನುವಾರ ಅತ್ತೆಯ ತಮ್ಮನ ಮಗಳು ಲಾವಣ್ಯಾ ಊಟಕ್ಕೆ ಬಂದಳು. ಪರೇಲ್‌ನ ಒಂದು ಕಾಲೇಜಿನಲ್ಲಿ ಫಿಸಿಯೋಥೆರಪಿ ಓದುತ್ತಿದ್ದಾಳೆ. ಹುಡುಗ ಹುಡುಗಿಯರ ಕುತ್ತಿಗೆಗೂ ನಡಿಗೆಗೂ ಏನು ಸಂಬಂಧ ಎಂಬುದೇ ಅವಳ ಈ ವರ್ಷದ ಪ್ರಾಜೆಕ್ಟು. ಸುಹಾಸ ಅಡುಗೆಮನೆಯಿಂದ ನೀರಿನ ಚೊಂಬು ತರುವುದನ್ನು ಕಂಡದ್ದೇ ತಡ, ಅವಳ ಮುಖ ಮೀನಿನ ಮಾರ್ಕೆಟಿನಲ್ಲಿ ಒಳ್ಳೆಯ ಪಾಪ್ಲೆಟ್ ಕಂಡ ಅತ್ತೆಯ ಮುಖದ ಹಾಗಾಯಿತು.

"ಅಲ್ಲೇ ನಿಲ್ಲು, ಅಲ್ಲಾಡ್ಬೇಡ! ಸೈಡಿಂದ ಒಂದು ಫೋಟೋ."

ಫೋಟೋದ ಮೇಲೆ ಬೆರಳಿನಿಂದ ಗೆರೆ ಎಳೆದು ನಮಗೆಲ್ಲ ತೋರಿಸಿದಳು. "ಕಿವಿ ಹೆಚ್ಚುಕಡಿಮೆ ಭುಜದ ನೇರಕ್ಕೆ ಇರ್ಬೇಕು. ಇವನದ್ದು ನೋಡಿ, ಕಿವಿ ಮುಲುಂಡ್ ಸ್ಟೇಷನ್ನಿನಲ್ಲಿ, ಭುಜ ಇನ್ನೂ ಭಾಂಡುಪಿನಲ್ಲಿ. ತಲೆ ಅಂದ್ರೆ ಏನು ಹಗುರವಾ? ಅದು ಮುಂದೆ ಹೋದ್ರೆ ಬೀಳದ ಹಾಗೆ ಮೈ ಅಡ್ಜಸ್ಟ್ ಮಾಡ್ತದೆ. ಕೆಲವರ ಹೆಜ್ಜೆ ಸಣ್ಣ ಆಗ್ತದೆ, ಕಾಲು ಎಳೀತಾರೆ. ಎಲ್ಲರಿಗೂ ಹಾಗೇ ಅಂತ ಹೇಳ್ಲಿಕ್ಕಾಗುದಿಲ್ಲ. ಆದ್ರೆ ಇವನು..."

"ಇವನು ನಿನಗೆ ಪೂರ್ತಿ ಮಾರ್ಕ್ ಕೊಡಿಸ್ತಾನೆ," ಎಂದರು ಅತ್ತೆ ಶೀಲಾವತಿ, ಮಗನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸುತ್ತ.

ಲಾವಣ್ಯಾ ವ್ಯಾಯಾಮ ಹೇಳಿಕೊಟ್ಟು ಹೋದಳು. ಗದ್ದವನ್ನು ಹಿಂದಕ್ಕೆ ಎಳೆಯಬೇಕು, ಬಿಡಬೇಕು. ನಡೆಯುವಾಗ ಕಣ್ಣು ದೂರ ಇಡಬೇಕು. ಸುಹಾಸ ಬಿಲ್ಡಿಂಗಿನ ಪ್ಯಾಸೇಜಿನಲ್ಲಿ ನಿಂತು ಗದ್ದ ಎಳೆದು ಬಿಡುವುದನ್ನು ಕಂಡು ಪಾರಿವಾಳಗಳು ಹತ್ತಿರ ಬಂದು ಕುಳಿತವು, ತಮ್ಮವನೇ ಎಂದುಕೊಂಡು. ಹೋಟೆಲಿನಲ್ಲಿ ಕಣ್ಣು ದೂರ ಇಟ್ಟದ್ದೂ ಅತಿಯಾಯಿತು. ಗಲ್ಲಾದ ಮೇಲಿನ ಕೃಷ್ಣನ ಫೋಟೋವನ್ನೇ ನೋಡುತ್ತ ನಡೆದ. ಕೆಳಗಿನಿಂದ "ಏ ಭಾವೂ, ಪಾನಿ, ಪಾನಿ" ಎಂದು ಕೂಗುತ್ತಿದ್ದವರು ಕಾಣಲಿಲ್ಲ. ಹಳೆಯ ಸಪ್ಲಾಯರ್ ನಿಂಗಣ್ಣ, ವಿಜಯಪುರದ ಕಡೆಯವರು, ಅವನ ತೋಳು ಹಿಡಿದು ತಿರುಗಿಸಿದರಂತೆ: "ಸಣ್ಣ ಮಾಲಕ್ರ, ದೇವ್ರಿಗೆ ಆಮ್ಯಾಲ ನೀರು ಕೊಡೂಣಂತ. ಮೊದಲ ಇವ್ರಿಗೆ ಕೊಡ್ರಿ."

ಇದೇ ದಿನಗಳಲ್ಲಿ ನಮ್ಮ ಮನೆಯಲ್ಲಿ ಇನ್ನೊಬ್ಬರು ನಡೆಯಲು ಕಲಿಯುತ್ತಿದ್ದರು. ನನ್ನ ಮಗಳು ವಿಜೇತಾ. ಸೋಫಾ ಬಿಟ್ಟು ಟೀಪಾಯಿಯವರೆಗೆ, ಟೀಪಾಯಿ ಬಿಟ್ಟು ಅಜ್ಜಿಯ ಸೀರೆಯವರೆಗೆ. ಒಂದು ಸಂಜೆ ಅವಳು ಟಿವಿಯ ರಿಮೋಟನ್ನು ಮೂಗಿನ ಮುಂದೆ ಹಿಡಿದು, ಕುತ್ತಿಗೆ ಆಮೆಯ ಹಾಗೆ ಚಾಚಿ, ಪಾದ ಎಳೆಯುತ್ತ ಹಾಲ್‌ನ ನಡುವಿನಿಂದ ಗಂಭೀರವಾಗಿ ಹಾದುಹೋದಳು.

"ಅಯ್ಯೋ ದೇವರೇ, ಚಿಕ್ಕಪ್ಪನ ನಡಿಗೆ!" ಅತ್ತೆ ತಲೆಯ ಮೇಲೆ ಕೈಯಿಟ್ಟರು. ನಮಗೆ ನಕ್ಕು ನಕ್ಕು ಹೊಟ್ಟೆ ನೋವು. ನಗು ಕಂಡು ಮಗುವಿಗೆ ಖುಷಿಯಾಗಿ ಇನ್ನೊಂದು ಸುತ್ತು ಬಂತು.

ಸುಹಾಸ ನಗಲಿಲ್ಲ. "ಅತ್ತಿಗೆ, ಸಚ್ಚೀ? ನಾನು ಹೀಗೆ ನಡೀತೇನಾ?"

"ಇಲ್ಲ ಮಾರಾಯ," ಎಂದೆ. "ಅವಳದ್ದು ಸ್ವಲ್ಪ ಚೆಂದ ಉಂಟು."

ಅವನು ಅದಕ್ಕೂ ನಗದಿದ್ದಾಗ ನನಗೆ ಕೆಡುಕೆನಿಸಿತು. ಬಟ್ಟೆ ಮಡಚುತ್ತ ಕುಳಿತಿದ್ದೆ. ಬಂದು ಪಕ್ಕದಲ್ಲಿ ಕುಳಿತು ಮಗುವಿನ ಸಾಕ್ಸುಗಳನ್ನು ಜೋಡಿ ಮಾಡತೊಡಗಿದ, ಎಲ್ಲ ತಪ್ಪು ತಪ್ಪು ಜೋಡಿ.

"ಸ್ಕೂಲಿಂದ ಸೀದಾ ನಾನು ಗಲ್ಲಾದ ಕೆಳಗೇ ಕೂತ್ಕೊಳ್ತಿದ್ದೆ, ಗೊತ್ತುಂಟಾ? ಹೋಂವರ್ಕ್ ಅಲ್ಲೇ. ಪಪ್ಪಾ ಮೇಲಿಂದ ಸೋಂಪು ಕೊಡ್ತಿದ್ರು. ಬೇರೆ ಯಾರೋ ಅಲ್ಲಿ ಕೂತ್ರೆ ನಾನು ಆ ರಸ್ತೆಯಲ್ಲಿ ಹೋಗುದೇ ಇಲ್ಲ, ಅತ್ತಿಗೆ. ಮನೆಯಲ್ಲಿ ನನಗೆ ಬರ್ತದೆ. ಅಲ್ಲಿ ಏನಾಗ್ತದೋ."

"ಎಂತ ಬರ್ತದೆ? ತೋರಿಸು ನೋಡುವ."

ಲೋಟದ ಅಂಚಿನವರೆಗೆ ನೀರು ತುಂಬಿಸಿ ಕೈಗೆ ಕೊಟ್ಟೆ. ಪ್ಯಾಸೇಜಿನ ಆ ತುದಿಗೆ ಹೋಗಿ, ಲಿಫ್ಟಿನ ಮುಂದೆ ತಿರುಗಿ, ನನ್ನ ಜೊತೆ ಮಾತಾಡುತ್ತಲೇ ವಾಪಸು ಬಂದ. ನೆಲದಲ್ಲಿ ಒಂದು ಹನಿ ಇರಲಿಲ್ಲ. ಕುತ್ತಿಗೆಯೂ ಪರವಾಗಿಲ್ಲ, ಲಾವಣ್ಯಾಳ ಪಾರಿವಾಳ ಕೆಲಸ ಮಾಡಿತ್ತು.

ಹಾಗಾದರೆ ಹೋಟೆಲಿನಲ್ಲಿ ಏನಾಗುತ್ತದೆ? ಮಾರನೆಯ ದಿನ ಇಡ್ಲಿ ಹಿಟ್ಟು ತರುವ ನೆಪದಲ್ಲಿ ಮಗುವನ್ನು ಎತ್ತಿಕೊಂಡು ಹೋಗಿ ಮೂಲೆಯ ಟೇಬಲ್ಲಿನಲ್ಲಿ ಕುಳಿತೆ. ಸುಹಾಸ ಅಡುಗೆಮನೆಯ ಬಾಗಿಲಿನಿಂದ ಚೆನ್ನಾಗಿಯೇ ಹೊರಬಿದ್ದ, ಎದೆಯೆತ್ತಿ. ಎರಡು ಟೇಬಲ್ ದಾಟಿದ. ಆಗ ಗಲ್ಲಾದಲ್ಲಿ ಚಿಲ್ಲರೆ ಕೊಡುತ್ತಿದ್ದ ಮಾವನ ಕೈ ಗಾಳಿಯಲ್ಲೇ ನಿಂತಿತು. ಮಾವ ಮಗನ ಲೋಟವನ್ನು ನೋಡಿದರು, ಲೋಟದಿಂದ ಕಾಲು, ಕಾಲಿನಿಂದ ಲೋಟ. ಗಿರಾಕಿ ಕೈ ಚಾಚಿಕೊಂಡೇ ಇದ್ದ. ಮಾವ ನೋಡಿದ್ದೇ ಸುಹಾಸ ಕೂಡ ತನ್ನ ಲೋಟ ನೋಡಿದ. ಕುತ್ತಿಗೆ ಇಳಿಯಿತು, ಹೆಜ್ಜೆ ಸಣ್ಣದಾಯಿತು, ಚಪ್ಪಲಿ ಸವರತೊಡಗಿತು, ಕಾಫಿ ಲೋಟದ ಕೆಳಗಿನ ಬಸಿಗೆ ಇಳಿಯಿತು.

"ನೋಡಿದ್ಯಾ?" ಎಂದು ಮಾವ ನನ್ನ ಕಡೆ ತಿರುಗಿ ಕೈ ಆಡಿಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಚೆಲ್ಲಬಾರದು ದೇವರೇ ಎಂದು ಅವರೂ ಬೇಡಿಕೊಳ್ಳುತ್ತಿದ್ದರು ಅಂತ ಕಾಣುತ್ತದೆ, ತುಟಿ ಒಣಗಿತ್ತು.

ಮನೆಗೆ ಬಂದು ಮಗುವನ್ನು ಇಳಿಸಿದೆ. ಬೀಳುತ್ತಾಳೇನೋ ಎಂದು ಅವಳ ಪಾದವನ್ನೇ ನೋಡುತ್ತಿದ್ದೆ. ಅಮ್ಮ ಏನು ನೋಡುತ್ತಿದ್ದಾಳೆ ಎಂದು ಅವಳೂ ಪಾದ ನೋಡಿಕೊಂಡಳು, ದೊಪ್ಪೆಂದು ಕುಳಿತಳು. ಮತ್ತೆ ಎಬ್ಬಿಸಿ, ಈ ಸಲ ಮುಖ ನೋಡಿ, "ಬಾ ಬಾ" ಎಂದೆ. ಸೀದಾ ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು.

ಆದರೆ ಮಾವನ ಹತ್ತಿರ ಹೋಗಿ, ನೀವು ಆ ಕಡೆ ನೋಡಬೇಡಿ ಎಂದು ಸೊಸೆ ಹೇಳುವುದು ಹೇಗೆ? ಅವರ ಹೋಟೆಲು, ಅವರ ಮಗ, ಅವರ ಕಣ್ಣು. ಅಷ್ಟರಲ್ಲಿ ಅತ್ತೆ ಸುದ್ದಿ ತಂದರು: ಕಂಡಕ್ಟಿಂಗಿಗೆ ತೆಗೆದುಕೊಳ್ಳಲು ವಿಲೆ ಪಾರ್ಲೆಯಿಂದ ಒಂದು ಪಾರ್ಟಿ ಭಾನುವಾರ ಬೆಳಿಗ್ಗೆ ಹೋಟೆಲು ನೋಡಲು ಬರುತ್ತದೆ. ಒಪ್ಪಿಗೆಯಾದರೆ ದೀಪಾವಳಿಗೂ ಕಾಯದೆ ಅಂದೇ ಮಾತು ಮುಗಿಯುತ್ತದೆ. ಸುಹಾಸ ಆ ರಾತ್ರಿ ಊಟಕ್ಕೆ ಮೊಬೈಲು ತರಲೇ ಇಲ್ಲ. ನನಗೆ ಅದೇ ಹೆದರಿಕೆಯಾಯಿತು.

ಭಾನುವಾರ ನಾನು ಮಗುವಿಗೆ ಹೊಸ ಫ್ರಾಕು ಹಾಕಿ ಹೋಟೆಲಿಗೆ ಹೋದೆ. ಬಾಗಿಲಿನ ಹೊರಗೂ ಜನ. ಪಾರ್ಲೆಯ ಪಾರ್ಟಿ, ಬಸವಂತಪ್ಪ ಎಂಬ ದಪ್ಪ ಮೀಸೆಯವರು, ತಮ್ಮ ಕಡೆಯವರೊಂದಿಗೆ ಗಲ್ಲಾದ ಹತ್ತಿರದ ಟೇಬಲ್ಲಿನಲ್ಲೇ ಕುಳಿತಿದ್ದರು.

"ಮಾವ, ಒಂದು ನಿಮಿಷ ಇವಳನ್ನು ಹಿಡ್ಕೊಳ್ಳಿ. ಅಡುಗೆಮನೆಯಲ್ಲಿ ಚಟ್ನಿಗೆ ಕೈ ಸಾಲ್ತಿಲ್ವಂತೆ," ಎಂದು ಅವರ ಮಡಿಲಿಗೆ ಹಾಕಿಬಿಟ್ಟೆ. ಚಟ್ನಿಗೆ ಕೈ ಬೇಕಾದಷ್ಟಿತ್ತು.

ವಿಜೇತಾ ಕುಳಿತವಳೇ ಎರಡೂ ಕೈಯನ್ನು ಸೋಂಪಿನ ಬಟ್ಟಲಿಗೆ ಹಾಕಿದಳು. "ಏ ಏ ಏ, ಚಿನ್ನಾ, ಬೇಡ," ಎಂದು ಮಾವ ಬಟ್ಟಲು ಹಿಡಿದರು, ಅವಳು ಅವರ ಕನ್ನಡಕ ಹಿಡಿದಳು. ಕನ್ನಡಕ ಬಿಡಿಸಿಕೊಳ್ಳುವಷ್ಟರಲ್ಲಿ ಸುಹಾಸ ಪಾರ್ಲೆಯವರ ಕಾಫಿ ಹೊತ್ತು ಹೊರಬಿದ್ದಿದ್ದ. ಕಣ್ಣು ತಾನಾಗಿ ಗಲ್ಲಾದ ಕಡೆ ಹೋಯಿತು, ಕುತ್ತಿಗೆ ಇಳಿಯಲು ಸಿದ್ಧವಾಗಿತ್ತು.

ಅಲ್ಲಿ ಮಾವನ ಕಣ್ಣು ಇರಲಿಲ್ಲ. ಕನ್ನಡಕ ಆಡಿಸುತ್ತ ಎದ್ದುನಿಂತ ಮಗು ಇತ್ತು. "ಚಿಚ್ಚಾ!" ಎಂದು ಕೂಗಿತು.

ಸುಹಾಸ ನಕ್ಕ. ನಗುತ್ತ ಅವಳ ಮುಖ ನೋಡುತ್ತಲೇ ನಡೆದ, ಜನರ ನಡುವೆ ದಾರಿ ಮಾಡಿಕೊಂಡು, ಚಾಚಿದ ಯಾರದೋ ಕಾಲನ್ನು ತಪ್ಪಿಸಿ, ಕರೆದವರಿಗೆಲ್ಲ "ಆಯಾ ಕಾಕಾ, ಆಯಾ" ಎನ್ನುತ್ತ. ಅಡುಗೆಮನೆಯ ಬಾಗಿಲಲ್ಲಿ ನಾನೂ ನಿಂಗಣ್ಣನವರೂ ಉಸಿರು ಬಿಡದೆ ನಿಂತಿದ್ದೆವು. ಲೋಟಗಳು ಟೇಬಲ್ಲಿಗೆ ಇಳಿದವು. ಬಸಿ ಒಣಗಿಯೇ ಇತ್ತು.

ಬಸವಂತಪ್ಪನವರು ಒಂದು ಗುಟುಕು ಕುಡಿದು ಮೀಸೆ ಒರೆಸಿಕೊಂಡರು. "ಸದಾನಂದಣ್ಣ, ಈ ಹುಡುಗ ಚಲೋ ಅದಾನ. ಇವನನ್ನೂ ಹೋಟೆಲ್ ಜೋಡಿ ಕೊಡ್ತೀರೇನು?"

ಮಾವ ಕನ್ನಡಕ ಹಾಕಿಕೊಂಡರು. ಬಸಿ ನೋಡಿದರು. ಇನ್ನೊಂದು ಬಸಿಯನ್ನೂ ನೋಡಿದರು.

"ಅವನು ನನ್ನ ಮಗ."

"ಮಗಾ?" ಬಸವಂತಪ್ಪ ಲೋಟ ಕೆಳಗಿಟ್ಟರು. "ಮತ್ತ ನನ್ನ ಯಾಕ ಕರಿಸಿದ್ರಿ?"

"ಮಸಾಲೆ ದೋಸೆ ತಿಂದು ಹೋಗಿ," ಎಂದರು ಮಾವ. ಆಮೇಲೆ ಮಗುವನ್ನು ಕೆಳಗಿಳಿಸಿ, ಮಂಡಿ ಹಿಡಿದು ಎದ್ದು, ಮಗನ ಮುಖ ನೋಡದೆಯೇ ಹೇಳಿದರು: "ಸುಹಾಸಾ, ಇಲ್ಲಿ ಕೂತ್ಕೋ. ಇವಳಿಗೆ ಟ್ರೇನ್ ತೋರಿಸಿ ಬರ್ತೇನೆ."

ಸುಹಾಸ ಕುಳಿತ. ಹೋಟೆಲಿನವರೆಲ್ಲ ಕೆಲಸ ಮಾಡುವ ಹಾಗೆ ನಟಿಸುತ್ತ ಅವನನ್ನೇ ನೋಡುತ್ತಿದ್ದರು. ಅವನು ಒಂದು ಗಳಿಗೆ ರಾಜನ ಹಾಗೆ ನೆಟ್ಟಗೆ ಕುಳಿತು, ಬಟ್ಟಲಿನಿಂದ ನಾಲ್ಕು ಕಾಳು ಸೋಂಪು ಬಾಯಿಗೆ ಹಾಕಿಕೊಂಡು, ಜೇಬಿನಿಂದ ಮೊಬೈಲು ತೆಗೆದ. ಕುತ್ತಿಗೆ ಮುಲುಂಡಿನ ಕಡೆ ಹೊರಟಿತು.

"ತಲೆ!" ಫುಟ್‌ಪಾತಿನಿಂದ ಮಾವ ಕೂಗಿದರು.

ತಲೆ ವಾಪಸು ಬಂತು. ಮಾವ ತೃಪ್ತಿಯಿಂದ ಮೊಮ್ಮಗಳ ಬೆರಳು ಹಿಡಿದು, ಬೆನ್ನು ಬಗ್ಗಿಸಿ, ಅವಳ ಪಾದಗಳನ್ನೇ ದಿಟ್ಟಿಸುತ್ತ ಸ್ಟೇಷನ್ನಿನ ಕಡೆ ಹೆಜ್ಜೆಯಿಟ್ಟರು. ಮಗು ತಟ್ಟನೆ ಕೆಳಗೆ ನೋಡಿ ತಡವರಿಸಿತು.

ಈಗ ಹೇಳಬಹುದು ಎನ್ನಿಸಿತು. "ಮಾವ," ಎಂದೆ ಬಾಗಿಲಿನಿಂದ, "ಕಾಲು ನೋಡ್ಬೇಡಿ. ಮುಖ ನೋಡಿ."