ಎರಡೂ ಎಡತೋಳು

ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕತ್ತರಿಯಕ್ಕ ಎನ್ನುತ್ತಿದ್ದರು. ಬಟ್ಟೆ ಕತ್ತರಿಸುವುದು ಅವಳು, ಹೊಲಿಯುವುದು ನಾದಿನಿ. ಗಂಡ ಸತ್ತಾಗ ಅವನ ಕಪಾಟಿನಲ್ಲಿ ಅರ್ಧ ಬಾಟಲಿ ಉಳಿದಿತ್ತು. ನಿದ್ದೆ ಬರಲೆಂದು ಒಂದು ಗುಟುಕು ಕುಡಿದಳು. ಬಾಟಲಿ ಮುಗಿಯಿತು, ಕುಡಿತ ಮುಗಿಯಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಬೆಳಿಗ್ಗೆಯೂ ಬೇಕಾಯಿತು, ಕೈ ನಡುಗದಿರಲು.

ಗುಟ್ಟು ರಟ್ಟಾದದ್ದು ಶಾಲೆಯ ಮೇಡಂ ಕೋಟಿನಿಂದ. ಬಟ್ಟೆಯನ್ನು ಮುಖಕ್ಕೆ ಮುಖ, ಅಂದರೆ ಹೊರಮೈಗೆ ಹೊರಮೈ ತಾಗುವಂತೆ, ಮಡಚಿ ಕತ್ತರಿಸಿದರೆ ಒಂದು ಎಡತೋಳು, ಒಂದು ಬಲತೋಳು ಬರುತ್ತದೆ. ಅವಳು ಮಡಚದೆ ಎರಡು ತುಂಡುಗಳನ್ನೂ ಮುಖ ಮೇಲಾಗಿ ಒಂದರ ಮೇಲೊಂದು ಹಾಸಿ ಕತ್ತರಿಸಿದಳು. ಎರಡೂ ಎಡತೋಳಾದವು. ಏನಾಯಿತೆಂದು ಹತ್ತಿರ ಬಂದ ನಾದಿನಿಗೆ ಹೆಂಡದ ವಾಸನೆ ಬಡಿಯಿತು. ಬಟ್ಟೆ ಇಲಿ ಕಡಿಯಿತೆಂದು ನಾದಿನಿ ಮೇಡಂಗೆ ಸುಳ್ಳು ಹೇಳಿದಳು. ಅತ್ತಿಗೆಯನ್ನು ಬೈಯಲಿಲ್ಲ. ಕತ್ತರಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು, ಅಷ್ಟೆ.

ಮರುದಿನ ಕತ್ತರಿಯಕ್ಕ ತಾನಾಗಿಯೇ ಆಸ್ಪತ್ರೆಗೆ ಹೋದಳು. ಕೆಮ್ಮು ಎಷ್ಟು ದಿನದಿಂದ ಎಂದು ಕೇಳುವ ಹಾಗೆಯೇ, ಕುಡಿಯುವುದು ಎಷ್ಟು ದಿನದಿಂದ ಎಂದು ಡಾಕ್ಟರು ಕೇಳಿದರು. ಮೂರು ವಾರ ಅಲ್ಲಿದ್ದಳು. ಬೆವರು, ವಾಂತಿ, ಗಂಡನ ನೆನಪು. ಪಕ್ಕದ ಮಂಚದಲ್ಲಿ ಒಬ್ಬ ನರ್ಸೇ ಇದ್ದಳು, ಅದೇ ಕಾಯಿಲೆಗೆ.

ವಾಪಸು ಬಂದಮೇಲೆ ಗುಂಡಿ ಹಚ್ಚುವ ಕೆಲಸ ಸಿಕ್ಕಿತು. ಐದು ತಿಂಗಳು ಹನಿ ಮುಟ್ಟಲಿಲ್ಲ. ಡ್ರಾಯರಿನ ಬೀಗ ಹಾಗೇ ಇತ್ತು.

ಒಂದು ಬೆಳಿಗ್ಗೆ ಮೇಡಂ ಹೊಸ ಬಟ್ಟೆ ತಂದರು. "ಏನ್ ಕತ್ತರಿಯಕ್ಕ, ನಡುವೆ ಕಾಣಿಸ್ಲೇ ಇಲ್ಲ?"

"ಅತ್ತಿಗೆಗೆ ಟೈಫಾಯಿಡ್ ಆಗಿತ್ತು ಮೇಡಂ," ಎಂದು ನಾದಿನಿ ಬಾಯಿ ಹಾಕಿದಳು.

"ಟೈಫಾಯಿಡ್ ಅಲ್ಲ, ಕುಡೀತಿದ್ದೆ," ಎಂದಳು ಅವಳು, ದಾರ ಕಚ್ಚಿ ತುಂಡರಿಸಿ. "ಬಿಡೋಕೆ ಆಸ್ಪತ್ರೆ ಸೇರಿದ್ದೆ."

"ಅತ್ತಿಗೇ! ಮಾನ ಕಳೀಬೇಡಿ!"

"ಟೈಫಾಯಿಡ್‌ಗೆ ಹೋಗದ ಮಾನ ಇದಕ್ಕೆ ಯಾಕೆ ಹೋಗತ್ತೆ ಕಣೇ?"

ಮೇಡಂ ಇಬ್ಬರನ್ನೂ ನೋಡಿದರು. "ಹಾಗಾದ್ರೆ ನನ್ ಕೋಟಿನ ಬಟ್ಟೆ ಕಡಿದ ಇಲಿ?"

"ಆ ಇಲಿ ನಾನೇ. ತಪ್ಪಾಯ್ತು ಮೇಡಂ."

ಮೇಡಂ ನಕ್ಕುಬಿಟ್ಟರು. ಬಟ್ಟೆಯನ್ನು ಮೇಜಿನ ಮೇಲಿಟ್ಟರು. "ಇದನ್ನ ಇಲೀನೇ ಕತ್ತರಿಸ್ಲಿ."

ನಾದಿನಿ ಅತ್ತಿಗೆಯ ಕೈ ನೋಡಿದಳು. ನಡುಗುತ್ತಿರಲಿಲ್ಲ. ಡ್ರಾಯರು ತೆರೆದಳು.

ಕತ್ತರಿಯಕ್ಕ ಬಟ್ಟೆ ಮಡಚಿದಳು, ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಕತ್ತರಿ ಎತ್ತಿದವಳು ನಿಂತಳು.

"ಬಾರೇ ಇಲ್ಲಿ. ಮುಖಕ್ಕೆ ಮುಖ ಇದ್ಯಾ, ನೀನೂ ಒಂದ್ಸಲ ನೋಡು."

ನಾದಿನಿ ಅಂಚು ಎತ್ತಿ ನೋಡಿದಳು. "ಇದೆ, ಅತ್ತಿಗೆ."

ಕತ್ತರಿ ಗೆರೆಯ ಮೇಲೆ ಸರಸರ ಓಡಿತು.