ಮೈಸೂರಿನಲ್ಲಿ ಶೇರ್ ಆಟೊ

ಮೈಸೂರಿಗೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಕೈಯಲ್ಲಿ ಟೈಮ್ ಇಲ್ಲದಿದ್ದರೆ ಚೌಕಾಸಿಗೆ ನಿಲ್ಲಬೇಡಿ. ಕೋಲಾರದ ಕಡೆ, ಕ್ಯಾಸಂಬಳ್ಳಿಯ ಟೊಮೆಟೊ ತಂದು ರಾಬರ್ಟ್‌ಸನ್‌ಪೇಟೆಯಲ್ಲಿ ಮಾರಿ ಮೇಲೆ ಬಂದವನು ನಾನು. ಇಂಥ ಮಾತು ಹೇಳಲು ನಾಲಿಗೆ ಏಳುವುದಿಲ್ಲ. ಆದರೂ ಹೇಳಲೇಬೇಕು.

ಮಗಳಿಗೆ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಎಂಎಸ್ಸಿ ಸೀಟು ಬಂದಿತ್ತು. ಅಂದು ಮಧ್ಯಾಹ್ನ ಹನ್ನೆರಡರೊಳಗೆ ಮೂಲ ಅಂಕಪಟ್ಟಿ ತೋರಿಸಬೇಕು. ತಪ್ಪಿದರೆ ಸೀಟು ಪಟ್ಟಿಯಲ್ಲಿ ನಂತರ ಇರುವವರಿಗೆ. ಬಂಗಾರಪೇಟೆಯಲ್ಲಿ ಹತ್ತಿದ ರೈಲು ಮೈಸೂರು ಮುಟ್ಟುವಾಗ ಹನ್ನೊಂದು ದಾಟಿತ್ತು.

ನಿಲ್ದಾಣದ ಹೊರಗೆ ಆಟೊದವನು ಹೇಳಿದ ಬಾಡಿಗೆ ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಕಡೆ ಇಡೀ ಆಟೊ ಹಿಡಿಯುವುದು ಹೆರಿಗೆಗೋ ಮದುವೆಗೋ ಮಾತ್ರ. ಉಳಿದಂತೆ ಸೀಟು ತುಂಬಿದ ಮೇಲೆಯೇ ಗಾಡಿ ಹೊರಡುವುದು.

“ಇನ್ನಿಬ್ರುನ್ನ ಅತ್ತಿಸ್ಕೋ, ಬಾಡಿಗೆ ಅರ್ಧ ಮಾಡ್ಕೋ,” ಎಂದೆ.

“ಏನ್ ಯಜಮಾನ್ರೇ, ಸಂತೇಲಿ ಬದನೆಕಾಯಿ ಕೇಳ್ದಂಗೆ ಕೇಳ್ತೀರಲ್ಲ! ಜನಾನ ನೀವೇ ಹುಡುಕ್ಕೊಂಡ್ ಬನ್ನಿ,” ಎಂದು ನಕ್ಕ.

“ಅಪ್ಪಾ, ಕೇಳಿದಷ್ಟು ಕೊಟ್ಬುಡು, ಓಗೋಣ,” ಮಗಳು ತೋಳು ಜಗ್ಗಿದಳು.

“ಸುಮ್ನಿರಮ್ಮ, ಇಂತೋರ್ನ ಎಷ್ಟ್ ಜನಾನ ನೋಡಿಲ್ಲ ನಾನು.”

ಎದುರಿನ ಬಸ್ ಸ್ಟಾಪಿನಲ್ಲಿ ಅವರಿವರನ್ನು ಕೇಳಿ, ಕೊನೆಗೂ ಆಸ್ಪತ್ರೆಗೆ ಹೊರಟ ಅಜ್ಜ, ಅಜ್ಜಿಯನ್ನು ಕರೆತಂದೆ. ಗೆದ್ದವನ ಹಾಗೆ ಕೂತೆ. ಆಸ್ಪತ್ರೆ ಗೇಟಿನಲ್ಲಿ ಅಜ್ಜನ ಕಾಲು ಮಡಚಲೇ ಇಲ್ಲ. ನಾನೇ ತಬ್ಬಿ ಇಳಿಸಿದೆ. “ಒಳಗಿನ್ ತನಕ ಒಸಿ ಕೈ ಹಿಡ್ಕೊಳಪ್ಪ,” ಅಂದಳು ಅಜ್ಜಿ. ಕರೆದು ಹತ್ತಿಸಿದವನು ನಾನೇ, ಹೇಗೆ ಬಿಟ್ಟು ಬರಲಿ? ಓಡಿ ಬಂದಾಗ ಮಗಳು ಫೈಲನ್ನು ಎದೆಗೆ ಅವಚಿಕೊಂಡು ಮೊಬೈಲಿನಲ್ಲಿ ಗಂಟೆ ನೋಡುತ್ತಿದ್ದಳು. ಆಮೇಲೆ ಒನ್‌ವೇ, ಸರ್ಕಲ್ಲು, ಸಿಗ್ನಲ್ಲು. “ಬೇಗ ಓಡ್ಸಪ್ಪ, ಇಡೀ ಬಾಡಿಗೆ ಕೊಡ್ತೀನಿ,” ಎಂದು ಅಂಗಲಾಚಿದೆ. ಅವನೇನು ಸಿಗ್ನಲ್ ಹಾರಿಸುತ್ತಾನೆಯೇ?

ವಿಶ್ವವಿದ್ಯಾನಿಲಯದ ಕೌಂಟರ್ ಮುಟ್ಟಿದಾಗ ಹನ್ನೆರಡೂ ಕಾಲು.

“ಕಾಲುಗಂಟೆ ಮೇಡಂ, ಕೈ ಮುಗೀತೀನಿ. ಕೋಲಾರ್ದ ಕಡೆಯಿಂದ ಬಂದಿದ್ದೀವಿ.”

“ಸೀಟು ಈಗ ತಾನೇ ಅವರಿಗೆ ಕೊಟ್ಟಾಯ್ತು, ಸರ್.” ಕೌಂಟರಿನಾಕೆ ಬೆಂಚಿನ ಕಡೆ ತೋರಿಸಿದರು. ಅಲ್ಲೊಬ್ಬ ಹುಡುಗಿ, ಪಕ್ಕದಲ್ಲಿ ಅವಳ ತಂದೆ.

ನಾನು ಆ ತಂದೆಯ ಕಡೆಗೇ ಹೆಜ್ಜೆ ಹಾಕಿದೆ. ಕಾಲಿಗೆ ಬೀಳುವುದಕ್ಕೂ ಸಿದ್ಧನಿದ್ದೆ. ಮಗಳು ಅಂಗಿ ಹಿಡಿದು ನಿಲ್ಲಿಸಿದಳು.

“ಬ್ಯಾಡಪ್ಪ. ಅವ್ಳಾದ್ರೂ ಓದ್ಲಿ.”

ಹೊರಗೆ ಮೆಟ್ಟಿಲ ಮೇಲೆ ಕೂತು ಫೈಲಿನಲ್ಲಿ ಮುಖ ಮುಚ್ಚಿಕೊಂಡಳು. ಏನೋ ಹೇಳಲು ಹೋದೆ.

“ನೀನು ಮಾತಾಡ್ಬ್ಯಾಡ,” ಎಂದಳು.